ಮಡಿಕೇರಿಯ ಎಂಟು ಮನೆಯ ವಠಾರ: ಮಳೆ ಹಿಡಿಯುವ ಮೊದಲು ಏನೇನು ಇತ್ಯರ್ಥ ಮಾಡಿಕೊಳ್ಳಬೇಕು?

ಹೊಸಬಾಡಿಗೆ_ಮಡಿಕೇರಿ:

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಪೇಟೆಯಲ್ಲಿ ಇಳಿಜಾರಿಗೆ ಕಟ್ಟಿರುವ ಮೂರು ಅಂತಸ್ತಿನ ಕಟ್ಟಡ. 8 ಬಾಡಿಗೆ ಮನೆ, ಮಕ್ಕಳು ಸೇರಿ 26 ಜನ. ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಮೇ ತಿಂಗಳೊಳಗೆ ಎಲ್ಲ ಮನೆಯವರೂ ಒಂದು ಸಲ ಕೂತು ಮಾತಾಡಿ, ಆಮೇಲೆ ಮಾಲೀಕರಿಗೆ ಒಟ್ಟಾಗಿ ಹೇಳೋಣ ಅಂತ ತೀರ್ಮಾನವಾಗಿದೆ. ಅದಕ್ಕೆ ಮೊದಲು ತಿಳಿದವರ ಸಲಹೆ ಬೇಕು.

ಈಗಿನ ಸ್ಥಿತಿ: ಕೆಳಗೆ ಸಂಪು, 1 ಎಚ್‌ಪಿ ಮೋಟಾರು, ಮೇಲೆ 2,000 ಲೀಟರಿನ ಎರಡು ಟ್ಯಾಂಕು. ಮೋಟಾರಿನ ಕರೆಂಟು ಕೆಳಗಿನ ಒಂದು ಮನೆಯ ಮೀಟರಿಗೆ ಸೇರಿದೆ. ಉಳಿದವರು ಅಂದಾಜಿಗೆ ಇಷ್ಟು ಅಂತ ಕೊಡುತ್ತಾರೆ, ಪ್ರತಿ ತಿಂಗಳೂ ತಕರಾರು. ಪಡುವಣ ಬದಿಯ ಮೂರು ಮನೆಗಳಲ್ಲಿ ಬಣ್ಣ ಪದರ ಪದರವಾಗಿ ಎದ್ದಿದೆ, ಕಪಾಟಿನ ಹಿಂದೆ ಬೂಷ್ಟು. ಕರಾರಿನಲ್ಲಿ ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿಯುತ್ತೇವೆ ಅಂತಿದೆ. ಹಿಂಬದಿಗೆ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಗೋಡೆಗೂ ಬರೆಗೂ ನಡುವೆ ಮೂರಡಿ ಜಾಗ. ಶೌಚದ ಗುಂಡಿಯನ್ನು ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು ಅಂತ ಯಾರಿಗೂ ಗೊತ್ತಿಲ್ಲ.

ಬೂಷ್ಟಿಗೆ ಯಾರು ಹೊಣೆ? ಮೋಟಾರು ಬಿಲ್ಲು ಹಂಚುವುದು ಹೇಗೆ? ಗುಂಡಿ ಈಗ ತೆಗೆಸುವುದೋ ಮಳೆ ಮುಗಿದ ಮೇಲೋ? ಎಂಟು ಮನೆಯ ಬಟ್ಟೆ ಒಣಗಿಸುವುದಕ್ಕೆ ಏನು ವ್ಯವಸ್ಥೆ?

ಗಾರೆ_ಸುಣ್ಣ:

ಹೊಣೆಯ ಮಾತು ಆಮೇಲೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ನಮ್ಮ ಕಡೆ ಗೋಡೆ ಒದ್ದೆಯಾಗುವುದು ಮೂರು ದಾರಿಯಲ್ಲಿ, ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಮಾಡಿದರೆ ದುಡ್ಡು ಹೋಗುತ್ತದೆ, ಬೂಷ್ಟು ಹೋಗುವುದಿಲ್ಲ.

ಮೊದಲನೆಯದು ಗಾಳಿಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ನೇರ ಬೀಳುವುದಕ್ಕಿಂತ ಪಡುವಣ-ನೈಋತ್ಯದಿಂದ ಅಡ್ಡ ಹೊಡೆಯುವುದೇ ಹೆಚ್ಚು. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗೋಡೆ ನೀರು ಹೀರುತ್ತದೆ. ಇದರ ಗುರುತು: ಕಲೆ ಶುರುವಾಗುವುದು ಗೋಡೆಯ ನಡುವೆ, ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ಅಥವಾ ಸಜ್ಜಾ (ಕಿಟಕಿಯ ಮೇಲಿನ ಚಾಚು) ಗೋಡೆಗೆ ಕೂಡುವ ಗೆರೆಯಲ್ಲಿ. ಎರಡು ದಿನ ಬಿಡದೆ ಹೊಡೆದರೆ ಹಿಗ್ಗುತ್ತದೆ, ಹೊಳವಾದರೆ ಕುಗ್ಗುತ್ತದೆ.

ಎರಡನೆಯದು ನೆಲದ ತೇವ. ತಳಪಾಯದಿಂದ ಮೇಲೇರುತ್ತದೆ, ಸಾಮಾನ್ಯವಾಗಿ ಮೂರಡಿಯ ಒಳಗೇ ನಿಲ್ಲುತ್ತದೆ. ನೆಲದುದ್ದಕ್ಕೂ ಪಟ್ಟಿ ಎಳೆದ ಹಾಗೆ ಕಲೆ, ಅದರ ಅಂಚಿನಲ್ಲಿ ಬಿಳಿ ಉಪ್ಪಿನ ಪುಡಿ, ಬೆರಳಿಟ್ಟರೆ ಪುಟ್ಟಿ ಉದುರುತ್ತದೆ. ಬರೆಯ ಕಡೆಯ ಕೆಳಮನೆಗಳಲ್ಲಿ ಇದೇ ಇರುವ ಸಾಧ್ಯತೆ ಹೆಚ್ಚು.

ಮೂರನೆಯದು ಮನೆಯೊಳಗಿನ ಗಾಳಿಯ ತೇವ. ಅಡುಗೆ, ಸ್ನಾನ, ಒಳಗೇ ನೇತುಹಾಕಿದ ಬಟ್ಟೆ, ಎಲ್ಲದರ ಆವಿಯೂ ತಣ್ಣನೆ ಗೋಡೆ ಮುಟ್ಟಿ ನೀರಾಗುತ್ತದೆ. 1 ಕೆಜಿ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ; ಕೈಯಲ್ಲಿ ಹಿಂಡಿದ ಒಂದು ಬಕೆಟ್ ಬಟ್ಟೆಯಿಂದ ಎರಡು-ಮೂರು ಲೀಟರ್. ಕಪ್ಪು ಚುಕ್ಕಿಯ ಬೂಷ್ಟು ಮೂಲೆಯಲ್ಲಿ, ಕಪಾಟಿನ ಬೆನ್ನಿಗೆ, ಹಾಸಿಗೆಯ ತಲೆಕಡೆ ಬರುತ್ತದೆ. ಗಾಳಿ ಆಡದ ಕಡೆ ಅಂತ ಇಟ್ಟುಕೊಳ್ಳಿ.

ಯಾವುದೆಂದು ಗೊತ್ತಾಗದಿದ್ದರೆ ಸುಲಭದ ಪರೀಕ್ಷೆ ಇದೆ. ಒಂದಡಿ ಚೌಕದ ಅಡುಗೆ ಫಾಯಿಲ್ ಅಥವಾ ದಪ್ಪ ಪ್ಲಾಸ್ಟಿಕ್ಕನ್ನು ಕಲೆಯ ಮೇಲೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಒತ್ತಿ. 48 ಗಂಟೆ ಬಿಟ್ಟು ನೋಡಿ. ಕೋಣೆಯ ಕಡೆಯ ಮೈಯಲ್ಲಿ ಹನಿ ಕೂತಿದ್ದರೆ ಒಳಗಿನ ಗಾಳಿಯ ತೇವ. ಫಾಯಿಲಿನ ಹಿಂದೆ, ಗೋಡೆಯ ಕಡೆ ಒದ್ದೆಯಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಇದನ್ನು ಜೂನ್ ಕೊನೆಗೆ, ಮಳೆ ಹಿಡಿದ ಮೇಲೆ ಮಾಡಿ. ಏಪ್ರಿಲ್ ಬಿಸಿಲಿನಲ್ಲಿ ಮಾಡಿ ಗೋಡೆ ಒಣಗಿದೆ ಅಂದುಕೊಳ್ಳಬೇಡಿ. ದಿನಾಂಕ ಕಾಣುವ ಹಾಗೆ ಫೋಟೋ ತೆಗೆದಿಟ್ಟರೆ ಮಾಲೀಕರ ಜೊತೆ ಮಾತಾಡಲು ಅದೇ ಆಧಾರ. ಮೊದಲೆರಡಾದರೆ ಕಟ್ಟಡದ ದೋಷ, ರಿಪೇರಿ ಮಾಲೀಕರು ಮಾಡಿಸಬೇಕು. ಮೂರನೆಯದಾದರೆ ಹೆಚ್ಚಿನ ಪಾಲು ಒಳಗಿರುವವರ ಕೈಯಲ್ಲೇ ಇದೆ. ಆದರೆ ಬಚ್ಚಲಿಗೆ ಕಿಟಕಿಯೂ ಇಲ್ಲ, ಎಕ್ಸಾಸ್ಟ್ ಫ್ಯಾನಿನ ಕಿಂಡಿಯೂ ಇಲ್ಲ ಅಂದರೆ ಅದನ್ನು ಬಾಡಿಗೆದಾರರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಈಗ ಕೆಲಸ. ಹೊರಗೋಡೆಯ ಬಿರುಕು ಮುಚ್ಚಬೇಕಾದರೆ ಮೇ ಮಧ್ಯದೊಳಗೆ ಮುಗಿಯಬೇಕು, ಗಾರೆ ಒಣಗಲು ಬಿಸಿಲು ಬೇಕಲ್ಲ. ಬಿರುಕನ್ನು ಉಳಿಯಿಂದ ವಿ ಆಕಾರಕ್ಕೆ ಅರ್ಧ ಇಂಚು ಆಳ ತೆರೆದು, ಪುಡಿ ತೊಳೆದು, 1 ಪಾಲು ಸಿಮೆಂಟಿಗೆ 3 ಪಾಲು ಮರಳು ಹಾಕಿ, ಕಲಸುವ ನೀರಿಗೆ ಲೇಟೆಕ್ಸ್ ಬೆರೆಸಿ ತುಂಬಬೇಕು. ಬರೀ ಸಿಮೆಂಟು ಬಳಿದು ಹೋದರೆ ಅದೇ ಗೆರೆ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಅದು ಗಟ್ಟಿಯಾದ ಮೇಲೆ ಹೊರಗಿನ ವಾಟರ್‌ಪ್ರೂಫ್ ಬಣ್ಣ ಎರಡು ಕೋಟು, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಸಜ್ಜಾದ ಅಡಿಯಲ್ಲಿ ಮುಂದಿನ ಅಂಚಿಗೆ ನೀರು ತೊಟ್ಟಿಕ್ಕುವ ಗೀರು ಇದೆಯೇ ನೋಡಿ. ಇಲ್ಲದಿದ್ದರೆ ನೀರು ಅಡಿಭಾಗಕ್ಕೆ ಅಂಟಿಕೊಂಡೇ ಗೋಡೆಯವರೆಗೆ ಬರುತ್ತದೆ. ಈ ಒಂದು ಗೀರು ಇಲ್ಲದ ಕಟ್ಟಡ ಪೇಟೆಯಲ್ಲಿ ಎಷ್ಟೋ ಇವೆ.

ಇಷ್ಟೆಲ್ಲ ಮಾಡಿಸಲು ಮಾಲೀಕರು ಒಪ್ಪದಿದ್ದರೆ ಪಡುವಣ ಗೋಡೆಗೆ ಶೀಟು ಅಥವಾ ಟಾರ್ಪಲ್ ಹೊದಿಸುವ ನಮ್ಮೂರ ಪದ್ಧತಿಯೇ ಸೈ. ಆದರೆ ಗೋಡೆಗೆ ಅಂಟಿಸಿ ಹೊಡೆಯಬೇಡಿ. ರೀಪು (ಮರದ ಪಟ್ಟಿ) ಕೊಟ್ಟು ನಾಲ್ಕಿಂಚು ಸಂದು ಬಿಡಿ, ಕೆಳಗೆ-ಮೇಲೆ ಗಾಳಿ ಹೋಗಲಿ. ಸಂದಿಲ್ಲದಿದ್ದರೆ ಶೀಟಿನ ಹಿಂದೆ ನೀರು ಕೂತು ಗೋಡೆ ಮೊದಲಿಗಿಂತ ಹೆಚ್ಚು ಕೆಡುತ್ತದೆ.

ಒಳಗೆ ಬಣ್ಣ, ಪುಟ್ಟಿ ಮಾತ್ರ ಈಗ ಬೇಡವೇ ಬೇಡ. ಗೋಡೆ ಒಣಗುವುದು ಜನವರಿ-ಫೆಬ್ರವರಿಗೆ. ಒದ್ದೆ ಗೋಡೆಗೆ ಆಯಿಲ್ ಪೇಂಟ್ ಹೊಡೆದರೆ ತೇವ ಅಲ್ಲಿ ಹೊರಬರಲಾಗದೆ ಇನ್ನೂ ಮೇಲಕ್ಕೆ ಏರುತ್ತದೆ. ನೆಲದ ತೇವ ಇರುವ ಗೋಡೆಗೆ ಸುಣ್ಣವೇ ಲೇಸು, ಅದು ಉಸಿರಾಡುತ್ತದೆ.

ಬೂಷ್ಟು ಒರೆಸುವಾಗ ಒಣ ಪೊರಕೆಯಿಂದ ಉಜ್ಜಬೇಡಿ, ಪುಡಿ ಮನೆಯೆಲ್ಲ ಹರಡುತ್ತದೆ. 4 ಲೀಟರ್ ನೀರಿಗೆ ಕಾಲು ಲೀಟರ್ ದ್ರವ ಬ್ಲೀಚು ಹಾಕಿ, ಬಟ್ಟೆ ಅದ್ದಿ ಒರೆಸಿ, ಹತ್ತು ನಿಮಿಷ ಬಿಟ್ಟು ನೀರಿನಿಂದ ಒರೆಸಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಟಾಯ್ಲೆಟ್ ಆಸಿಡ್ಡನ್ನು ಇದಕ್ಕೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ. ಕಪಾಟು, ಮಂಚಗಳನ್ನು ಗೋಡೆಯಿಂದ ನಾಲ್ಕಿಂಚು ಈಚೆ ಎಳೆಯಿರಿ.

ಕೊಳಾಯಿ42:

ನೀರು, ಮೋಟಾರಿನ ವಿಷಯಕ್ಕೆ ಬರುತ್ತೇನೆ.

ಮೋಟಾರನ್ನು ಒಬ್ಬರ ಮೀಟರಿನಿಂದ ಮೊದಲು ಬಿಡಿಸಿ. ಸರ್ಕಾರದ ಉಚಿತ ಕರೆಂಟು ಯೋಜನೆ ಗೃಹಜ್ಯೋತಿಯ ಲೆಕ್ಕ ಗೊತ್ತಲ್ಲ: 2022-23ರಲ್ಲಿ ಆ ಮೀಟರು ಬಳಸಿದ ಸರಾಸರಿಯ ಮೇಲೆ ಶೇ 10 (ಸರಾಸರಿ 48 ಯೂನಿಟ್ಟಿನೊಳಗಿದ್ದರೆ 10 ಯೂನಿಟ್) ಸೇರಿಸಿದಷ್ಟು ಉಚಿತ, ಅದರಾಚೆ ಓಡಿದ ಯೂನಿಟ್ಟಿಗೆ ಹಣ, 200 ದಾಟಿದರೆ ಪೂರ್ತಿ ಬಿಲ್ಲು. 1 ಎಚ್‌ಪಿ ಮೋಟಾರು ಗಂಟೆಗೆ ಹತ್ತಿರ ಹತ್ತಿರ 1 ಯೂನಿಟ್ ಎಳೆಯುತ್ತದೆ. ದಿನಕ್ಕೆ ಒಂದೂವರೆ ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್. ಆ 45 ಕೆಳಮನೆಯವರ ಮಿತಿಯನ್ನು ತಿನ್ನುತ್ತದೆ. ಹೆಚ್ಚು ಬಳಸುವ ಮನೆಯಾದರೆ 200 ದಾಟಿಸಿಯೂ ಬಿಡಬಹುದು. ಆಮೇಲೆ ನೀವು ಹಂಚಿ ಕೊಡುವ ಅಂದಾಜಿನ ದುಡ್ಡು ಅವರ ನಷ್ಟಕ್ಕೆ ಸಾಲುವುದಿಲ್ಲ. ತಿಂಗಳೂ ತಕರಾರು ಏಳುವುದಕ್ಕೆ ಇದು ಸಾಕು.

ಸರಿಯಾದ ದಾರಿ ಅಂದರೆ ಮಾಲೀಕರ ಹೆಸರಿನಲ್ಲಿ ಮೋಟಾರು, ಮೆಟ್ಟಿಲ ದೀಪ, ಹೊರಗಿನ ದೀಪಕ್ಕೆ ಬೇರೆ ಆರ್‌ಆರ್ ನಂಬರು, ಅಂದರೆ ಬೇರೆಯೇ ಕರೆಂಟು ಸಂಪರ್ಕ. ಅರ್ಜಿ ಚೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಉಪವಿಭಾಗದ ಕಚೇರಿಯಲ್ಲಿ, ಮಾಲೀಕರ ಸಹಿಯಿಲ್ಲದೆ ಆಗುವುದಿಲ್ಲ. ಅದು ಬರುವವರೆಗೆ ಮೋಟಾರಿನ ಲೈನಿಗೆ ಒಂದು ಸಬ್‌ಮೀಟರ್ ಹಾಕಿಸಿ, ಪ್ರತಿ ತಿಂಗಳು 1ನೇ ತಾರೀಕು ರೀಡಿಂಗಿನ ಫೋಟೋ ಗುಂಪಿಗೆ ಹಾಕಿ.

ಹಂಚುವುದು: ಬೇರೆ ಸಂಪರ್ಕ ಬಂದ ಮೇಲೆ ಬಿಲ್ಲಿನ ನಿಗದಿತ ಶುಲ್ಕವನ್ನು ಮನೆಗೆ ಸಮನಾಗಿ, ಬಳಕೆಯ ಹಣವನ್ನು ತಲೆಗೆ. ಉದಾಹರಣೆಗೆ ಬಿಲ್ಲು 720 ರೂಪಾಯಿ, ಅದರಲ್ಲಿ ನಿಗದಿತ ಶುಲ್ಕ 160 ಅಂತಿಟ್ಟುಕೊಳ್ಳಿ. ಮನೆಗೆ 20. ಉಳಿದ 560ನ್ನು 26 ಜನಕ್ಕೆ ಭಾಗಿಸಿದರೆ ತಲೆಗೆ 21.54. ನಾಲ್ಕು ಜನರ ಮನೆ 106 ಕೊಡುತ್ತದೆ, ಒಬ್ಬರೇ ಇರುವ ಮನೆ ಸುಮಾರು 42. ಹದಿನೈದು ದಿನಕ್ಕಿಂತ ಹೆಚ್ಚು ಉಳಿದ ನೆಂಟರನ್ನು ಆ ತಿಂಗಳು ತಲೆಗೆ ಸೇರಿಸಿ. ಇದಕ್ಕಿಂತ ಸೂಕ್ಷ್ಮ ಲೆಕ್ಕಕ್ಕೆ ಹೋದರೆ ಮನಸ್ತಾಪವೇ ಲಾಭ.

ನೀರಿನ ಅಗತ್ಯ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಪೇಟೆಯ ಯೋಜನೆಗಳಲ್ಲಿ ಹಿಡಿಯುವ ಲೆಕ್ಕ. 26 ಜನಕ್ಕೆ 3,510. ನಿಮ್ಮ ಮೇಲಿನ 4,000 ಲೀಟರ್ ಒಂದು ದಿನಕ್ಕೆ ಸರಿ. ಜುಲೈಯಲ್ಲಿ ಮರ ಬಿದ್ದು ಲೈನು ಹೋದರೆ ಕರೆಂಟು ಒಂದೇ ದಿನದಲ್ಲಿ ಬರುತ್ತದೆ ಅನ್ನುವ ಭರವಸೆ ಯಾರೂ ಕೊಡಲಾರರು. ಸಂಪಿನಲ್ಲಿ ನೀರಿದ್ದೂ ಮೇಲೇರಿಸಲಾಗದ ಸ್ಥಿತಿ ಅದು. ಚಿಕ್ಕ ಇನ್ವರ್ಟರು, 1 ಕೆವಿಎ ಜನರೇಟರು 1 ಎಚ್‌ಪಿ ಮೋಟಾರನ್ನು ಎತ್ತುವುದಿಲ್ಲ. ಹೊರಡುವ ಕ್ಷಣದಲ್ಲಿ ಅದು ಎಳೆಯುವ ಕರೆಂಟು ಮಾಮೂಲಿಗಿಂತ ನಾಲ್ಕೈದು ಪಟ್ಟು. 3 ಕೆವಿಎ ಬೇಕು. ಎಂಟು ಮನೆ ಸೇರಿ ಬಾಡಿಗೆಗೆ ತರುವುದಾದರೆ ಈ ಅಳತೆ ಹೇಳಿ ತನ್ನಿ.

ಅದಕ್ಕಿಂತ ಅಗ್ಗದ ದಾರಿ ತಲೆಯ ಮೇಲೇ ಇದೆ. 500 ಚದರಡಿ ಮಾಡಿನ (ಚಾವಣಿಯ) ಮೇಲೆ 50 ಮಿ.ಮೀ. ಮಳೆ ಬಿದ್ದರೆ, ಚೆಲ್ಲುವುದನ್ನು ಕಳೆದೂ 1,800 ಲೀಟರ್ ಸಿಗುತ್ತದೆ. ಮಡಿಕೇರಿಗೆ ಜುಲೈಯಲ್ಲಿ 50 ಮಿ.ಮೀ. ದೊಡ್ಡ ಮಳೆಯೇನಲ್ಲ. ಸೂರಿನ ಪೈಪಿನ ಕೆಳಗೆ 200 ಲೀಟರಿನ ನಾಲ್ಕು ಡ್ರಮ್ಮು, ಬಾಯಿಗೆ ಸೊಳ್ಳೆಬಲೆ. ಶೌಚಕ್ಕೆ, ನೆಲ ಒರೆಸಲು, ಬಟ್ಟೆಯ ಮೊದಲ ನೆನೆಗೆ ಅದೇ ಸಾಕು.

ಕರೆಂಟು ಬಂದ ಕೂಡಲೇ ಮೋಟಾರು ಹಾಕುವ ಆತುರ ಬೇಡ. ವೋಲ್ಟೇಜು ಕಡಿಮೆಯಿದ್ದಾಗ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ವೋಲ್ಟೇಜು ಸರಿಯಿದ್ದೂ ಹಾಗೆ ಮಾಡಿದರೆ ಕೆಪಾಸಿಟರ್ ನೋಡಿಸಿ, ಹೆಚ್ಚಿನ ಸಲ ಅದೇ. ತಿರುಗಿದರೂ ನೀರು ಏರದಿದ್ದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿ ಪೈಪಿನ ನೀರು ಇಳಿದುಹೋಗಿದೆ ಅಂತ ಅರ್ಥ.

ಟ್ಯಾಂಕು ತೊಳೆಯುವುದು ಮೇ ಕೊನೆಗೊಮ್ಮೆ, ಅಕ್ಟೋಬರಿಗೊಮ್ಮೆ. ಕೆಸರು ತೆಗೆದು ಉಜ್ಜಿ ತೊಳೆದ ಮೇಲೆ ನೀರು ತುಂಬಿಸಿ, 1,000 ಲೀಟರಿಗೆ 150ರಿಂದ 200 ಗ್ರಾಂ ಬ್ಲೀಚಿಂಗ್ ಪೌಡರ್. ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಹಾಕಿ. ನಾಲ್ಕೈದು ಗಂಟೆ ಬಿಟ್ಟು ಎಂಟೂ ಮನೆಯ ನಲ್ಲಿಗಳಿಂದ ಹರಿಯಬಿಡಿ. ಆ ನೀರು ಕುಡಿಯುವುದಕ್ಕಲ್ಲ, ಹಿಂದಿನ ರಾತ್ರಿಯೇ ಎಲ್ಲ ಮನೆಗೂ ಹೇಳಿರಬೇಕು. ದಿನಬಳಕೆಗೆ ಹಾಕುವುದಾದರೆ 1,000 ಲೀಟರಿಗೆ ಎರಡೂವರೆ ಗ್ರಾಂ ಮಾತ್ರ, ಹಾಕಿ ಒಂದು ಗಂಟೆ ಬಿಡಬೇಕು. ನಿಮ್ಮ ಒಂದು ಟ್ಯಾಂಕಿಗೆ ಸಮಮಟ್ಟದ ಒಂದು ಟೀ ಚಮಚ. ನಮ್ಮ ಶೀತಕ್ಕೆ ತೆರೆದ ಪೊಟ್ಟಣದ ಪುಡಿ ಬೇಗ ಸತ್ತುಹೋಗುತ್ತದೆ, ಬಿಗಿ ಡಬ್ಬಿಯಲ್ಲಿಡಿ. ಪೇಟೆಗೆ ಬರುವ ಕೂಟುಹೊಳೆಯ ನೀರು ಮಳೆಗಾಲದಲ್ಲಿ ಕೆಂಪಾಗಿ ಬಂದರೆ ಮೊದಲು ತಿಳಿಯಾಗಲು ಬಿಡಿ. ರಾಡಿಯಲ್ಲಿ ಕ್ಲೋರಿನ್ ಕೆಲಸ ಮಾಡುವುದಿಲ್ಲ. ಕುಡಿಯುವುದನ್ನು ಕುದಿಸಲೇಬೇಕು.

ಹೊಸಬಾಡಿಗೆ_ಮಡಿಕೇರಿ:

ತುಂಬ ಉಪಕಾರವಾಯಿತು. ಗಾರೆ ಸುಣ್ಣದವರೇ, ಮಾಲೀಕರದು ಒಂದೇ ಮಾತು: ಮಡಿಕೇರಿಯಲ್ಲಿ ಶೀತ ಇಲ್ಲದ ಮನೆ ಯಾವುದು ಅಂತ. ರಿಪೇರಿ ನಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೇ? ಇನ್ನೊಂದು, ನನ್ನ ಹೆಸರಲ್ಲಿ ಹಳೆಯ ಮನೆಯ ಗೃಹಜ್ಯೋತಿ ಇದೆ, ಇಲ್ಲಿಗೆ ಹೇಗೆ ತರುವುದು?

ಗಾರೆ_ಸುಣ್ಣ:

ಮುರಿದುಕೊಳ್ಳಿ ಅಂತಲೇ ಹೇಳುತ್ತೇನೆ. ಬಿಲ್ಲು ಇಟ್ಟುಕೊಂಡರೆ ಆಯಿತು.

ಕರಾರುಪತ್ರ:

ಬಿಲ್ಲಿದ್ದರೆ ಸಾಲದು. ಹಾಗೆ ಸುಮ್ಮನೆ ಮುರಿದುಕೊಂಡರೆ ಬಾಡಿಗೆ ಬಾಕಿ ಅಂತ ನಿಮ್ಮ ಮೇಲೇ ತಿರುಗುತ್ತದೆ.

1999ರ ಕರ್ನಾಟಕ ಬಾಡಿಗೆ ಕಾಯಿದೆ ಅನ್ವಯವಾಗುವ ಬಾಡಿಗೆಯ ಮಿತಿ ತೀರ ಕಡಿಮೆ. ಇವತ್ತಿನ ಹೆಚ್ಚಿನ ಪೇಟೆ ಮನೆಗಳು ಅದರ ಹೊರಗಿವೆ. ನಿಮಗೆ ಲಾಗುವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು ನಿಮ್ಮ ಕರಾರು. ಆ ಕಾಯಿದೆಯ 108ನೇ ಸೆಕ್ಷನ್ನಿನ ಎಫ್ ಖಂಡ ಹೇಳುವುದಿಷ್ಟು: ಮಾಲೀಕ ಮಾಡಲು ಬದ್ಧನಾಗಿರುವ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ ಬಾಡಿಗೆದಾರ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಇದರಲ್ಲಿ ಎರಡು ಗಂಟುಗಳಿವೆ. ಒಂದು, ನೋಟಿಸ್ ಮೊದಲು, ಕೆಲಸ ಆಮೇಲೆ. ಎರಡು, "ಬದ್ಧನಾಗಿರುವ" ಅನ್ನುವ ಮಾತು. 108ನೇ ಸೆಕ್ಷನ್ ಇಡೀ ನಿಲ್ಲುವುದೇ ಕರಾರು ಅಥವಾ ಸ್ಥಳದ ರೂಢಿ ಬೇರೆ ಹೇಳದಿದ್ದಾಗ. ಆದ್ದರಿಂದ ಹೊರಗೋಡೆ, ಮಾಡು, ನೀರಿನ ಪೈಪು, ಗುಂಡಿ, ಹಿಂದಿನ ಚರಂಡಿ ಮಾಲೀಕರದು; ಬಲ್ಬು, ನಲ್ಲಿಯ ವಾಷರು, ಬಳಕೆಯಿಂದ ಕೆಟ್ಟ ಸ್ವಿಚ್ಚು ಬಾಡಿಗೆದಾರರದು ಅಂತ ಕರಾರಿಗೇ ಬರೆಸಿ. 11 ತಿಂಗಳು ಮುಗಿದು ನವೀಕರಿಸುವಾಗ ಈ ಸಾಲು ಸೇರಿಸಲು ಒಳ್ಳೆಯ ಹೊತ್ತು. ಎಂಟೂ ಮನೆಯವರು ಒಂದೇ ಸಾಲನ್ನು ಕೇಳಿದರೆ ಮಾಲೀಕರು ಇಲ್ಲ ಅನ್ನುವುದು ಕಷ್ಟ.

ಬಣ್ಣದ ಒಂದು ತಿಂಗಳು: ಸಹಿ ಹಾಕಿದ್ದೀರಿ, ಆ ಮಾತು ನಿಲ್ಲುತ್ತದೆ. ಕಾಯಿದೆಯಲ್ಲಿ ಸಹಜ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ ಅಂತಿದ್ದರೂ ಕರಾರಿನ ಎದುರು ಅದು ಸೋಲುತ್ತದೆ. ಕೇಳಬೇಕಾದ್ದು ಬೇರೆ. ಒಂದು ತಿಂಗಳ ಹಣದಲ್ಲೇ ಗೋಡೆಯ ತೇವದ ಹಾನಿಯೂ ಸೇರಿತು, ಅದರ ಮೇಲೆ ಇನ್ನೇನೂ ಹಿಡಿಯುವಂತಿಲ್ಲ ಅಂತ ಬರೆಸಿಕೊಳ್ಳಿ. ಜಗಳವಾಗುವುದು ಸಾಮಾನ್ಯವಾಗಿ ಆ "ಮೇಲೆ ಇನ್ನೇನೋ" ಹಿಡಿದಾಗ.

ಮನೆಗೆ ಬಂದ ದಿನವೇ ವಿಡಿಯೋ: ಪ್ರತಿ ಗೋಡೆ, ಮಾಡಿನ ಅಡಿ, ಕಿಟಕಿಯ ಕೊಂಡಿ, ಮೀಟರ್ ರೀಡಿಂಗು. ಅದನ್ನು ಮಾಲೀಕರಿಗೆ ವಾಟ್ಸಾಪಿನಲ್ಲಿ ಕಳಿಸಿ "ಹೀಗಿದೆ" ಅಂತ ಒಂದು ಸಾಲು ಬರೆಯಿರಿ. ಈಗಾಗಲೇ ಒಳಗಿರುವವರು ಇವತ್ತಿನ ಸ್ಥಿತಿಯದ್ದನ್ನಾದರೂ ಕಳಿಸಿ. ಬಾಡಿಗೆ ಬ್ಯಾಂಕಿನ ಮೂಲಕವೇ ಹೋಗಲಿ, ನಗದಾದರೆ ರಸೀದಿ.

ಕರಾರಿನಲ್ಲಿ ನೋಟಿಸಿನ ಅವಧಿ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ 106ನೇ ಸೆಕ್ಷನ್ ಪ್ರಕಾರ 15 ದಿನ, ಎರಡೂ ಕಡೆಗೆ. ಮಕ್ಕಳ ಶಾಲೆ ಇರುವ ಮನೆಯವರು ಎರಡು ತಿಂಗಳು ಅಂತ ಬರೆಸಿಕೊಳ್ಳುವುದು ಒಳ್ಳೆಯದು. 2021ರ ಮಾದರಿ ಬಾಡಿಗೆ ಕಾಯಿದೆಯಲ್ಲಿ ಅಡ್ವಾನ್ಸು ಎರಡೇ ತಿಂಗಳು ಅಂತಿದೆಯಲ್ಲ ಅಂತ ಯಾರಾದರೂ ಹೇಳಿದರೆ, ಅದು ಕೇಂದ್ರದ ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡಾಗಷ್ಟೇ ಅದಕ್ಕೆ ಬಲ.

ಮಾತಿಗೆ ಬಗ್ಗದಿದ್ದರೆ ಮಡಿಕೇರಿ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಡಿ. ಕೇಸು ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿಗೆ ಕೂರಿಸುತ್ತಾರೆ.

ಕೊಳಾಯಿ42:

ಗೃಹಜ್ಯೋತಿ: ಮೊದಲು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹಳೆಯ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿ, ಆಮೇಲೆ ಹೊಸ ನಂಬರಿಗೆ ಜೋಡಿಸಿ, ಕರಾರುಪತ್ರ ಕೈಯಲ್ಲಿರಲಿ. ಒಂದು ಆಧಾರಿಗೆ ಒಂದೇ ಮೀಟರು. ಹೊಸ ಮನೆಯಲ್ಲಿ ಹಿಂದೆ ಇದ್ದವರು ಬಿಡಿಸದೆ ಹೋಗಿದ್ದರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲುತ್ತದೆ. ಮನೆ ಬಿಡುವವರಿಗೆ ಅಡ್ವಾನ್ಸು ವಾಪಸು ಕೊಡುವ ಮೊದಲು ಮಾಲೀಕರು ಇದನ್ನು ಕೇಳುವ ಪದ್ಧತಿ ಇಟ್ಟುಕೊಂಡರೆ ಎಲ್ಲರಿಗೂ ಸಲೀಸು.

ಬರೆಪಕ್ಕ:

ಯಾರೂ ಗುಂಡಿಯ ಕಡೆ ಬರಲಿಲ್ಲ. ಈಗಲೇ ತೆಗೆಸಿ, ಮಳೆ ಮುಗಿಯುವವರೆಗೆ ಕಾಯಬೇಡಿ. ಎರಡು-ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸುವುದು ಕ್ರಮ. ಯಾರಿಗೂ ನೆನಪೇ ಇಲ್ಲ ಅಂದರೆ ಅವಧಿ ದಾಟಿದೆ ಅಂತಲೇ ತಿಳಿಯಿರಿ. ಜುಲೈಯಲ್ಲಿ ನೆಲ ನೀರು ಕುಡಿದು ನಿಂತಿರುತ್ತದೆ, ಇಂಗು ಗುಂಡಿಯ ನೀರು ಹೋಗುವುದಕ್ಕೆ ಜಾಗವಿಲ್ಲ. ಆಗ ಗಾಡಿ ತರಿಸಿ ಖಾಲಿ ಮಾಡಿಸಿದರೆ ಸುತ್ತಲಿನ ನೀರು ಮತ್ತೆ ಒಳಗೇ ನುಗ್ಗುತ್ತದೆ. ರಿಂಗಿನ ಗುಂಡಿಯಾದರೆ ಒಳಗಿನ ಭಾರ ಹೋದದ್ದೇ ತಡ, ಹೊರಗಿನ ಒದ್ದೆ ಮಣ್ಣಿನ ಒತ್ತಡಕ್ಕೆ ಕುಸಿಯಲೂಬಹುದು.

ತೆಗೆಸುವ ದಿನ ಎರಡು ಸಂಗತಿ ನೋಡಿ. ಮಾಡಿನ ಮಳೆನೀರಿನ ಪೈಪನ್ನು ಯಾರಾದರೂ ಗುಂಡಿಗೆ ಸೇರಿಸಿದ್ದಾರೆಯೇ? ಸೇರಿಸಿದ್ದರೆ ಬೇರೆ ಮಾಡಿಸಲೇಬೇಕು. ಕೊಳಾಯಿಯವರು ಹೇಳಿದ 1,800 ಲೀಟರು ಗುಂಡಿಗೆ ಇಳಿದರೆ ಏನಾಗುತ್ತದೆ ಲೆಕ್ಕ ಹಾಕಿ. ಗಾಳಿ ಪೈಪಿನ ಬಾಯಿ ತೆರೆದಿದೆಯೇ? ಕೆಳಮನೆಯ ಕಮೋಡಿನಲ್ಲಿ ಗುಳುಗುಳು ಸದ್ದು ಬಂದರೆ ಒಂದೋ ಪೈಪು ಕಟ್ಟಿದೆ, ಇಲ್ಲವೇ ಗುಂಡಿ ತುಂಬಿದೆ. ಉಕ್ಕುವುದು ಯಾವಾಗಲೂ ಕೆಳಮನೆಯಲ್ಲೇ, ತುಂಬಿಸುವುದು ಎಂಟು ಮನೆಯೂ. ಹಾಗಾಗಿ ಖರ್ಚು ಬಾಡಿಗೆದಾರರ ಪಾಲಿಗೆ ಬಂದರೆ ಎಂಟಕ್ಕೂ ಹಂಚಿ. ಪ್ಯಾಡು, ಡಯಾಪರು, ಜಿಡ್ಡು ಒಳಗೆ ಹೋಗದ ಹಾಗೆ ಎಲ್ಲರೂ ನೋಡಿಕೊಳ್ಳಬೇಕು.

ಹೀರುವ ಯಂತ್ರದ ಗಾಡಿಯಿಂದಲೇ ಆಗಬೇಕು. ಕಡಿಮೆ ದುಡ್ಡಿಗೆ ಇಳಿದು ಬಾಚಿಕೊಡುತ್ತೇನೆ ಅಂತ ಯಾರು ಬಂದರೂ ಒಪ್ಪಬೇಡಿ. ಮಲಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯಿದೆ ಪ್ರಕಾರ ಅದು ಅಪರಾಧ, ಮೇಲಾಗಿ ಗುಂಡಿಯ ಗಾಳಿ ಕ್ಷಣದಲ್ಲಿ ಕೊಲ್ಲುತ್ತದೆ. ಆವರಣದಲ್ಲಿ ಬಾವಿ ಇದ್ದರೆ ಗುಂಡಿಗೂ ಅದಕ್ಕೂ 15 ಮೀಟರ್ ಅಂತರವಾದರೂ ಇರಬೇಕು.

ಬರೆ. ಮೂರಡಿ ಜಾಗದಲ್ಲಿ ಹಳೇ ಸಿಂಕು, ಸೌದೆ, ಗೊಬ್ಬರದ ಚೀಲ ಇದ್ದರೆ ಎಲ್ಲ ತೆಗೆಯಿರಿ. ಅದು ಚರಂಡಿಗೆ ಬಿಟ್ಟ ಜಾಗ. ಅಲ್ಲಿ ನಿಂತ ನೀರೇ ಕೆಳಮನೆಗಳ ಗೋಡೆಗೆ ಏರುವುದು. ತಡೆಗೋಡೆ ಇದ್ದರೆ ಅದರಲ್ಲಿ ನೀರು ಬಸಿಯುವ ತೂತುಗಳಿರುತ್ತವೆ, ಕಂಬಿಯಿಂದ ಚುಚ್ಚಿ ತೆರೆಸಿ. ತೂತು ಕಟ್ಟಿದ ತಡೆಗೋಡೆ ಮಣ್ಣನ್ನಷ್ಟೇ ಅಲ್ಲ, ಹಿಂದೆ ನಿಂತ ನೀರಿನ ಒತ್ತಡವನ್ನೂ ತಡೆಯಬೇಕಾಗುತ್ತದೆ. ಬರೆಯ ತಲೆಯಲ್ಲಿ ಯಾರೂ ಹೊಸದಾಗಿ ಕಡಿಯದಿರಲಿ, ಅಲ್ಲಿನ ನೀರು ಬರೆಯ ಮೇಲೆ ಇಳಿಯದೆ ಪಕ್ಕಕ್ಕೆ ಹೋಗಲಿ.

2018ರ ಆಗಸ್ಟ್‌ನ ಭೂಕುಸಿತ ಆದ ಮೇಲೆ ಬರೆ ಜರಿಯುವ ಲಕ್ಷಣಗಳನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೊರಗಿನಿಂದ ಬಂದ ಬಾಡಿಗೆದಾರರಿಗಾಗಿ: ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಬರೆಯ ಬುಡದಿಂದ ಏಕಾಏಕಿ ಕೆಸರುನೀರು, ಅಥವಾ ಹರಿಯುತ್ತಿದ್ದ ಊಟೆ (ಒರತೆ) ಫಕ್ಕನೆ ನಿಲ್ಲುವುದು. ಇದರಲ್ಲಿ ಒಂದು ಕಂಡರೂ ಆ ರಾತ್ರಿ ಹಿಂದಿನ ಕೋಣೆಯಲ್ಲಿ ಮಲಗಬೇಡಿ, ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ಹೇಳಿ. ಕುಸಿದು ಮನೆ ವಾಸಕ್ಕೆ ಬಾರದಂತೆ ಕೆಟ್ಟರೆ ಬಾಡಿಗೆ ಕರಾರನ್ನು ಮುರಿಯುವ ಹಕ್ಕು ಬಾಡಿಗೆದಾರರಿಗಿದೆ ಅಲ್ಲವೇ ಕರಾರುಪತ್ರದವರೇ?

ಕರಾರುಪತ್ರ:

ಹೌದು, ಅದೇ 108ರ ಇ ಖಂಡ. ಬೆಂಕಿ, ಬಿರುಗಾಳಿ, ನೆರೆಯಂಥ ತಡೆಯಲಾಗದ ಕಾರಣದಿಂದ ಮನೆ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಬಾಡಿಗೆದಾರನ ಇಚ್ಛೆಯಂತೆ ಕರಾರು ರದ್ದು. ಆದರೆ ಅವನ ತಪ್ಪಿನಿಂದ ಆದದ್ದಾದರೆ ಇಲ್ಲ. ಬರೆಯ ಬುಡ ಅಗೆದು ಶೆಡ್ಡು ಹಾಕಿಕೊಂಡವರು ಇದನ್ನು ನೆನಪಿಡಿ.

ಹಂಡೆಒಲೆ:

ಬಟ್ಟೆಯ ಮಾತು ನನಗೆ ಬಿಟ್ಟಂತಿದೆ.

ತಾರಸಿ ಅಥವಾ ಮೂಡಣ ಬದಿಯಲ್ಲಿ 10 ಅಡಿಗೆ 12 ಅಡಿಯ ಒಂದು ಶೆಡ್ಡು, ಬೆಳಕು ಬರುವ ಪಾಲಿಕಾರ್ಬೊನೇಟ್ ಶೀಟಿನ ಮಾಡು, ಎತ್ತರ 8 ಅಡಿ, ಸೂರು ಎರಡಡಿ ಮುಂದೆ. ಪಡುವಣ ಬದಿ ಮಾತ್ರ ಮುಚ್ಚಿ, ಉಳಿದ ಮೂರು ಬದಿ ತೆರೆದಿರಲಿ. ನಾಲ್ಕೂ ಬದಿ ಮುಚ್ಚಿದರೆ ಒಳಗೆ ಆವಿ ತುಂಬಿ ಬಟ್ಟೆ ಮುಗ್ಗಲು ನಾರುತ್ತದೆ. ಹಗ್ಗಗಳ ನಡುವೆ 9 ಇಂಚು. ತಂತಿ ಬೇಡ, ತುಕ್ಕಿನ ಕಲೆ ಹೋಗುವುದಿಲ್ಲ; ನೈಲಾನ್ ಹಗ್ಗ ಹಾಕಿ. ಮನೆಗೊಂದು ಹಗ್ಗ ಅಂತ ಹಂಚಬೇಡಿ, ಎರಡು ದಿನಕ್ಕೊಮ್ಮೆ ನಾಲ್ಕು ನಾಲ್ಕು ಮನೆಗೆ ಪೂರ್ತಿ ಶೆಡ್ಡು ಅಂತ ಪಾಳಿ ಮಾಡಿ. ಒತ್ತೊತ್ತಾಗಿ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಶೆಡ್ಡಿನಲ್ಲಿ 55 ವಾಟಿನ ಒಂದು ನಿಲ್ಲುವ ಫ್ಯಾನು ಹತ್ತು ಗಂಟೆ ತಿರುಗಿದರೂ ಅರ್ಧ ಯೂನಿಟ್ಟು ಚಿಲ್ಲರೆ. ಅದರ ಪ್ಲಗ್ಗಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕೂಡಲೇ ಕಡಿಯುವ ಸ್ವಿಚ್ಚು) ಕಡ್ಡಾಯ. ಒದ್ದೆ ಕೈ, ಒದ್ದೆ ನೆಲ, ಒದ್ದೆ ಬಟ್ಟೆ ಎಲ್ಲ ಒಂದೇ ಕಡೆ. ವಾಷಿಂಗ್ ಮಷಿನ್ ಇರುವ ಮನೆಯವರು ಬೇರೆಯವರ ಬಟ್ಟೆಯನ್ನು ಬರೀ ಸ್ಪಿನ್ ಮಾಡಿಕೊಟ್ಟರೆ ಎಲ್ಲರಿಗೂ ಒಂದು ದಿನ ಉಳಿಯುತ್ತದೆ, ಕರೆಂಟು ಹೆಚ್ಚೇನೂ ಬರುವುದಿಲ್ಲ.

ಹಂಡೆ ಒಲೆ ಇರುವ ಬಚ್ಚಲಿನಲ್ಲಿ ಬಟ್ಟೆ ಹಾಕುವವರು ಹೊಗೆ ಪೈಪಿನಿಂದ ಮೂರಡಿ ದೂರ ಹಗ್ಗ ಕಟ್ಟಿ.

ಇದು ಎಲ್ಲಕ್ಕಿಂತ ಮುಖ್ಯ: ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಚಳಿಗೆ ಕೆಂಡದ ಬಾಂಡಲೆಯನ್ನು ಮಲಗುವ ಕೋಣೆಗೆ ತಂದು ಕಿಟಕಿ ಮುಚ್ಚುವ ರೂಢಿ ಎಷ್ಟೋ ಮನೆಗಳಲ್ಲಿದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆಯೂ ಕಾಣುವುದಿಲ್ಲ. ತಲೆನೋವು, ವಾಕರಿಕೆ ಬಂದು, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಗ್ಯಾಸ್ ಗೀಸರೂ ಅಷ್ಟೇ, ಬಚ್ಚಲಿನ ಒಳಗೆ ಇರಲೇಬಾರದು, ಹೊರಗೋಡೆಗೆ ಹಾಕಿಸಿ ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿ. ಇದನ್ನು ಕೂಟದಲ್ಲಿ ಹೇಳುವಾಗ ಸಂಕೋಚ ಬೇಡ. ಪಕ್ಕದ ಮನೆಯವರು ಏನಂದುಕೊಂಡಾರು ಅಂತ ಬಿಡುವ ವಿಷಯವಲ್ಲ.

ಉಳಿದದ್ದು ಸಣ್ಣಪುಟ್ಟದ್ದು. ಭಾನುವಾರದ ಮೀನು-ಮಾಂಸದ ಕಸ ಬಿಗಿ ಮುಚ್ಚಳದ ಬಕೆಟ್ಟಿನಲ್ಲಿ ಒಳಗೇ ಇರಲಿ, ನಗರಸಭೆಯ ಗಾಡಿ ಬಂದಾಗ ಕೆಳಗಿಳಿಸಿ. ಹಿಂದಿನ ರಾತ್ರಿ ಇಟ್ಟರೆ ನಾಯಿ ಎಳೆದು ಬರೆಯ ಚರಂಡಿಗೇ ತಂದು ಹಾಕುತ್ತದೆ. ಜನವರಿಯಿಂದ ಯಾರಾದರೂ ಅಂಗಳದಲ್ಲಿ ಕಾಫಿ, ಕರಿಮೆಣಸು ಹರಡುವುದಾದರೆ ಎಷ್ಟು ಜಾಗ, ಎಷ್ಟು ದಿನ ಅಂತ ಮೊದಲೇ ಗುಂಪಿನಲ್ಲಿ ಹಾಕಲಿ. ದಸರಾ ಹೊತ್ತಿಗೆ ಎಂಟೂ ಮನೆಗೆ ನೆಂಟರು ಬರುತ್ತಾರೆ, ದಶಮಂಟಪ ಮೆರವಣಿಗೆಯ ರಾತ್ರಿ ಗಾಡಿ ನಿಲ್ಲಿಸುವ ಜಗಳ ತಪ್ಪದು. ಮನೆಗೊಂದೇ ಗಾಡಿ ಒಳಗೆ, ಗೇಟಿನ ಎದುರು ಆಂಬ್ಯುಲೆನ್ಸಿಗೆ ದಾರಿ ಬಿಟ್ಟು ಮಿಕ್ಕವು ಹೊರಗೆ ಅಂತ ಈಗಲೇ ಬರೆದಿಡಿ.

ಹೊಸಬಾಡಿಗೆ_ಮಡಿಕೇರಿ:

ಶೆಡ್ಡಿನ ಖರ್ಚು ಯಾರದ್ದು? ಮನೆ ಬಿಡುವಾಗ ಶೀಟು, ಕಂಬ ತೆಗೆದುಕೊಂಡು ಹೋಗಬಹುದೇ?

ಕರಾರುಪತ್ರ:

ನೀವು ಹಾಕಿಸಿದ್ದನ್ನು, ಜಾಗ ಮೊದಲಿದ್ದ ಹಾಗೆ ಮಾಡಿಕೊಟ್ಟು, ಮನೆ ನಿಮ್ಮ ಸ್ವಾಧೀನದಲ್ಲಿರುವಾಗಲೇ ಬಿಚ್ಚಿಕೊಳ್ಳಬಹುದು. ಆದರೆ ಶಾಶ್ವತ ಕಟ್ಟಡ ಎಬ್ಬಿಸಲು ಮಾಲೀಕರ ಒಪ್ಪಿಗೆ ಬೇಕು, ಆದ್ದರಿಂದ ಕಂಬವನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ, ಬೋಲ್ಟು ಹಾಕಿ ನಿಲ್ಲಿಸಿ. ಎಂಟು ಮನೆ ಕೂಡಿ ಹಾಕಿಸಿದರೆ ಯಾರ ಪಾಲು ಎಷ್ಟು, ಮಧ್ಯದಲ್ಲಿ ಬಿಟ್ಟುಹೋಗುವವರಿಗೆ ವರ್ಷಕ್ಕೆಷ್ಟು ಕಳೆದು ವಾಪಸು ಅಂತ ಒಂದು ಹಾಳೆ ಬರೆದು ಎಂಟು ಸಹಿ ಹಾಕಿಸಿ. ಮಾಲೀಕರು ಅರ್ಧ ಕೊಟ್ಟರೆ ಶೆಡ್ಡು ಅವರದೇ ಆಗಲಿ ಬಿಡಿ, ಬಿಚ್ಚುವ ರಗಳೆ ಇರುವುದಿಲ್ಲ.